ಧ್ಯಾನ ಕಲಿತ ಮೇಲೆ ಮನೆಗೆ ಹೋಗಬಹುದಾ?

ಬೆಂಗಳೂರಿನಲ್ಲಿ ಧ್ಯಾನ ಕಲಿಯುವ ಜಾಗ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಕನಕಪುರ ರಸ್ತೆ ಹಿಡಿದರೆ ಸಾಕು. ಉದಯಪುರದ ಹತ್ತಿರ ಆರ್ಟ್ ಆಫ್ ಲಿವಿಂಗ್ ಆಶ್ರಮ ಸಿಗುತ್ತದೆ. ಇನ್ನೂ ಮುಂದೆ, ಹಾರೋಹಳ್ಳಿ ಕಡೆ, ಪಿರಮಿಡ್ ವ್ಯಾಲಿ. ಅದು ಬೇಡ ಅನ್ನುವವರಿಗೆ ತುಮಕೂರು ರಸ್ತೆ ಇದೆ. ಅಲ್ಲಿ ದಾಸನಪುರ ಹೋಬಳಿಯ ಆಲೂರಿನಲ್ಲಿ ವಿಪಶ್ಯನ ಕೇಂದ್ರ. ಆನೇಕಲ್ ಕಡೆ ಜಿಗಣಿಯಲ್ಲಿ ಯೋಗಕ್ಕೇ ಒಂದು ವಿಶ್ವವಿದ್ಯಾಲಯ. ಚಿಕ್ಕಬಳ್ಳಾಪುರದ ಹತ್ತಿರ 2023ರ ಜನವರಿಯಲ್ಲಿ ಎದ್ದು ನಿಂತ ಈಶ ಸಂಸ್ಥೆಯ 112 ಅಡಿಯ ಆದಿಯೋಗಿ. ಅಷ್ಟು ದೂರ ಹೋಗೋಕೆ ಪುರುಸೊತ್ತಿಲ್ಲದವರಿಗೆ ಊರೊಳಗೇ ಬ್ರಹ್ಮಕುಮಾರಿಯರ ಕೇಂದ್ರಗಳಿವೆ. ಅದೂ ಆಗದವರಿಗೆ ಮೊಬೈಲಿನಲ್ಲಿ ಆಪ್.

ಇಷ್ಟೊಂದು ಜನ ಕಣ್ಣು ಮುಚ್ಚಿ ಕೂರುವ ಊರಿನಲ್ಲಿ, ಸಿಗ್ನಲ್ ಹಸಿರಾದ ಅರ್ಧ ಸೆಕೆಂಡಿಗೇ ಹಿಂದಿನವರು ಹಾರ್ನ್ ಹೊಡೆಯೋದು ಯಾಕೆ? ಇದು ನನ್ನ ಸೋದರಮಾವನ ಪ್ರಶ್ನೆ. ಕೇಳಿದವರು ನಗುತ್ತಾರೆ. ಮಾವ ನಗುವುದಿಲ್ಲ. ಅವರಿಗೆ ಅದು ತಮಾಷೆಯಲ್ಲ, ವಾದ.

ವಾದ ಯಾರ ಜೊತೆ ಅಂದರೆ ನನ್ನ ಭಾವನ ಜೊತೆ. ಅಕ್ಕನ ಗಂಡ. ಬ್ಯಾಂಕಿನಲ್ಲಿದ್ದರು, ವಿಆರ್‌ಎಸ್ ತಗೊಂಡರು. ಈಗ ಒಂದು ಧ್ಯಾನ ಸಂಸ್ಥೆಯಲ್ಲಿ ಸ್ವಯಂಸೇವಕರು. ಯಾವುದು ಅಂತ ಬರೆಯುವುದಿಲ್ಲ. ಬರೆದರೆ ಅರ್ಧ ಜನ ಇಲ್ಲಿಗೇ ಓದು ನಿಲ್ಲಿಸಿ ಜಗಳಕ್ಕೆ ಬರುತ್ತಾರೆ, ಉಳಿದರ್ಧ ಜನ ಚಪ್ಪಾಳೆ ಹೊಡೆಯುತ್ತಾರೆ. ಎರಡೂ ನನಗೆ ಬೇಡ.

ಹಬ್ಬಕ್ಕೋ, ನಾಮಕರಣಕ್ಕೋ ಎಲ್ಲರೂ ಸೇರಿದಾಗ ಊಟ ಆದ ಮೇಲೆ ಇಬ್ಬರೂ ಶುರು ಮಾಡುತ್ತಾರೆ. ಭಾವನದು ಒಂದೇ ಮಾತು. "ಮಾವ, ನಂಗೆ ನಿದ್ದೆ ಬರ್ತಿರ್ಲಿಲ್ಲ. ಈಗ ಬರುತ್ತೆ. ಬಿಪಿ ಮಾತ್ರೆ ಕಮ್ಮಿ ಆಗಿದೆ. ಅವರ ಉದ್ದೇಶ ಕಟ್ಕೊಂಡು ನಾನೇನು ಮಾಡ್ಲಿ?" ಮಾವನದೂ ಒಂದೇ ಮಾತು. "ಅಳಿಯಂದ್ರೇ, ನಿದ್ದೆ ಬರ್ಸೋರಿಗೆ ಅಷ್ಟೊಂದು ಎಕರೆ ಯಾಕೆ? ಮಂತ್ರಿಗಳು ಯಾಕೆ? ಧ್ಯಾನದಿಂದ ಶುರುವಾಗಿದ್ದು ಟೂತ್‌ಪೇಸ್ಟಿಗೆ ಬಂದು ನಿಲ್ಲೋದು ಯಾಕೆ?"

ವರ್ಷಗಟ್ಟಲೆ ಕೇಳಿ ಕೇಳಿ ನನಗೆ ಅನಿಸಿದ್ದು, ಇವರಿಬ್ಬರೂ ಒಂದೇ ವಿಷಯ ಮಾತಾಡುತ್ತಿಲ್ಲ. ಒಬ್ಬರು ಧ್ಯಾನದ ಬಗ್ಗೆ, ಇನ್ನೊಬ್ಬರು ಸಂಸ್ಥೆಯ ಬಗ್ಗೆ. ಒಂದನ್ನು ಹೊಗಳಿದರೆ ಇನ್ನೊಂದೂ ಗೆದ್ದಂತೆ, ಒಂದನ್ನು ಬೈದರೆ ಇನ್ನೊಂದೂ ಬಿದ್ದಂತೆ ಅಂತ ಇಬ್ಬರೂ ನಂಬಿದ್ದಾರೆ. ಜಗಳ ಮುಗಿಯದೇ ಇರೋದಕ್ಕೆ ಅದೇ ಕಾರಣ.

ಮಾವನ ಬಗ್ಗೆ ಸ್ವಲ್ಪ ಹೇಳಬೇಕು. ಎಪ್ಪತ್ತರ ದಶಕದಲ್ಲಿ ಬಸವನಗುಡಿ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು. ಅಂದರೆ ಎಚ್. ನರಸಿಂಹಯ್ಯನವರ ಗಾಳಿ ಕುಡಿದವರು. ಎಚ್ಚೆನ್ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡೋಕೆ ಒಂದು ಸಮಿತಿ ಮಾಡಿದರು. ಪವಾಡ ಮಾಡಿ ತೋರಿಸಿ ಅಂತ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಬಾಬಾ ಒಪ್ಪಲಿಲ್ಲ. ಈ ಕಥೆ ಮಾವನ ಬಾಯಲ್ಲಿ ನಮ್ಮನೆ ಮಕ್ಕಳಿಗೆಲ್ಲ ಬಾಯಿಪಾಠ. ಖಾದಿ ಉಟ್ಟುಕೊಂಡು, ಮದುವೆಯಾಗದೆ, ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಮುಗಿಸಿದ ಆ ಮನುಷ್ಯನನ್ನು ಹತ್ತಿರದಿಂದ ನೋಡಿದವರಿಗೆ ಯಾವ ಗುರುವಿನ ಸಿಂಹಾಸನವೂ ಹಿಡಿಸುವುದಿಲ್ಲ.

ಆದರೆ ಎಚ್ಚೆನ್ ಅವರ ಅಸ್ತ್ರ ಇಲ್ಲಿ ಪೂರ್ತಿ ಕೆಲಸ ಮಾಡುವುದಿಲ್ಲ. ವಿಭೂತಿ ಉದುರಿತು ಅನ್ನುವವರನ್ನು ತೋಳು ಮಡಚಿ ತೋರಿಸಿ ಅನ್ನಬಹುದು. ‘ನಂಗೆ ಸಮಾಧಾನ ಆಯ್ತು’ ಅನ್ನುವವರನ್ನು ಏನು ಮಾಡುತ್ತೀರಿ? ಹಾಗಂತ ಧ್ಯಾನದವರು ಪವಾಡದ ತಂಟೆಗೆ ಹೋಗೇ ಇಲ್ಲ ಅಂತಲೂ ಅಲ್ಲ. ಮಹರ್ಷಿ ಮಹೇಶ್ ಯೋಗಿ 1950ರ ದಶಕದ ಕೊನೆಗೆ ಮದ್ರಾಸಿನಲ್ಲಿ ತಮ್ಮ ಚಳವಳಿ ಶುರು ಮಾಡಿದರು. ದಿನಕ್ಕೆ ಎರಡು ಸಲ, ಇಪ್ಪತ್ತು ಇಪ್ಪತ್ತು ನಿಮಿಷ, ಮನಸ್ಸಿನಲ್ಲೇ ಒಂದು ಮಂತ್ರ. ಅಷ್ಟೇ. 1968ರಲ್ಲಿ ಬೀಟಲ್ಸ್ ತಂಡದವರು ಋಷಿಕೇಶಕ್ಕೆ ಬಂದು ಕೂತ ಮೇಲೆ ಇಡೀ ಜಗತ್ತಿಗೆ ಗೊತ್ತಾಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. 1970ರ ದಶಕದ ಮಧ್ಯದಲ್ಲಿ ಯೌಗಿಕ ಹಾರಾಟ ಅಂತ ಬಂತು. ಪದ್ಮಾಸನದಲ್ಲಿ ಕೂತು ಹಾಸಿಗೆ ಮೇಲೆ ಕುಪ್ಪಳಿಸುವುದು ಅದರ ಮೊದಲ ಹಂತವಂತೆ. ಮುಂದಿನ ಹಂತಗಳನ್ನು ಜನರೆದುರು ಯಾರೂ ಮಾಡಿ ತೋರಿಸಿಲ್ಲ. ಊರಿನ ನೂರಕ್ಕೆ ಒಬ್ಬರು ಧ್ಯಾನ ಮಾಡಿದರೆ ಊರಿನ ಅಪರಾಧವೇ ಕಮ್ಮಿಯಾಗುತ್ತದೆ ಅಂತಲೂ ಅವರು ಹೇಳಿದರು. ಮಾವನ ಹಾರ್ನಿನ ಪ್ರಶ್ನೆ ಹುಟ್ಟಿದ್ದು ಈ ಮಾತಿನಿಂದ.

ಗುಣ ಇದೆಯೋ ಇಲ್ಲವೋ ಅನ್ನುವುದನ್ನು ಮೊದಲು ನೋಡೋಣ. ಇದಕ್ಕೆ ದೂರ ಹೋಗಬೇಕಿಲ್ಲ, ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋದರೆ ಸಾಕು. ಅಲ್ಲಿನ ವೈದ್ಯರು ಮಾಡಿದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ತೀವ್ರ ಖಿನ್ನತೆಯಿಂದ ಆಸ್ಪತ್ರೆಗೆ ಸೇರಿದ 45 ಜನರನ್ನು ಹದಿನೈದು ಹದಿನೈದರಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕರೆಂಟ್ ಚಿಕಿತ್ಸೆ, ಇನ್ನೊಂದಕ್ಕೆ ಇಮಿಪ್ರಮಿನ್ ಮಾತ್ರೆ, ಮತ್ತೊಂದಕ್ಕೆ ಆರ್ಟ್ ಆಫ್ ಲಿವಿಂಗ್‌ನವರು ಕಲಿಸುವ ಉಸಿರಾಟದ ಪದ್ಧತಿಯಾದ ಸುದರ್ಶನ ಕ್ರಿಯೆ. ನಾಲ್ಕು ವಾರದ ಕೊನೆಗೆ ಕರೆಂಟ್ ಚಿಕಿತ್ಸೆಯವರಲ್ಲಿ ಶೇ. 93, ಮಾತ್ರೆಯವರಲ್ಲಿ ಶೇ. 73, ಕ್ರಿಯೆಯವರಲ್ಲಿ ಶೇ. 67 ಮಂದಿ ಚೇತರಿಸಿಕೊಂಡಿದ್ದರು.

ಈ ಒಂದು ಅಧ್ಯಯನವನ್ನು ನಮ್ಮನೆಯ ಇಬ್ಬರೂ ಬಳಸುತ್ತಾರೆ. ಭಾವ ಹೇಳೋದು: "ನೋಡಿ, ಮಾತ್ರೆಗೆ ಸಮ ಅಂತ ನಿಮ್ಹಾನ್ಸ್‌ನೋರೇ ಹೇಳಿದಾರೆ." ಮಾವ ಹೇಳೋದು: "ಹದಿನೈದು ಜನದ ಗುಂಪಿನಲ್ಲಿ ಒಬ್ಬರು ಹೆಚ್ಚುಕಮ್ಮಿ ಆದ್ರೆ ಏಳು ಪರ್ಸೆಂಟ್ ಹಾರತ್ತೆ ಕಣಪ್ಪಾ. ಏನೂ ಕೊಡದೆ ಸುಮ್ನೆ ಬಿಟ್ಟ ಗುಂಪೇ ಇರ್ಲಿಲ್ವಲ್ಲ." ಇಬ್ಬರ ಮಾತೂ ನಿಜ. ನನಗೆ ಮುಖ್ಯ ಅನಿಸೋದು ಬೇರೆ. ಆ ಹದಿನೈದು ಜನ ಆಸ್ಪತ್ರೆಯಲ್ಲಿದ್ದರು. ಸುತ್ತ ಮನೋವೈದ್ಯರಿದ್ದರು. ಹೆಚ್ಚುಕಮ್ಮಿಯಾದರೆ ನೋಡಿಕೊಳ್ಳುವವರಿದ್ದರು. ಕಲ್ಯಾಣಮಂಟಪದಲ್ಲಿ ಜಮಖಾನ ಹಾಸಿ ಮಾಡುವ ಶಿಬಿರಕ್ಕೆ ಅದೇ ಅಂಕಿಗಳನ್ನು ಎತ್ತಿಕೊಂಡು ಹೋಗೋಕೆ ಆಗಲ್ಲ, ಅಲ್ವಾ?

ದೊಡ್ಡ ಲೆಕ್ಕವೂ ಇದೆ. 2014ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ವಿಮರ್ಶೆ 47 ಪ್ರಯೋಗಗಳನ್ನು, 3515 ಜನರನ್ನು ಒಟ್ಟಿಗೆ ಇಟ್ಟು ನೋಡಿತು. ಆತಂಕ, ಖಿನ್ನತೆ, ನೋವು ಇವಕ್ಕೆ ಧ್ಯಾನದಿಂದ ಸಾಧಾರಣ ಮಟ್ಟದ ಉಪಯೋಗವಿದೆ ಅಂತ ಕಂಡಿತು. ಆದರೆ ವ್ಯಾಯಾಮ, ಔಷಧಿ, ಬೇರೆ ಚಿಕಿತ್ಸೆಗಳಿಗಿಂತ ಮೇಲು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳನ್ನು ತಗೊಂಡು, ಸುಮಾರು ಅರ್ಧ ಜನಕ್ಕೆ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಧ್ಯಾನ, ಕಲಿಸಿ ನೋಡಿದರು. 2022ರಲ್ಲಿ ಫಲಿತಾಂಶ ಬಂತು. ಕಲಿಸದ ಮಕ್ಕಳಿಗಿಂತ ಇವರೇನೂ ಮುಂದಿರಲಿಲ್ಲ. ಇದನ್ನು ಕೇಳಿದಾಗ ಭಾವ ಹೇಳಿದ್ದು ಚೆನ್ನಾಗಿತ್ತು. "ಬಲವಂತಕ್ಕೆ ಕೂತ ಮಕ್ಕಳಲ್ವಾ? ಸ್ಕೂಲ್ ಪ್ರಾರ್ಥನೇಲಿ ಕಣ್ಣು ಬಿಟ್ಕೊಂಡೇ ನಿಂತಿರ್ತಿರ್ಲಿಲ್ವಾ ನಾವು?"

ಒಟ್ಟಿನಲ್ಲಿ ಧ್ಯಾನ ಸುಳ್ಳಲ್ಲ. ಅದರಲ್ಲಿ ಸಣ್ಣ, ಆದರೆ ನಿಜವಾದ ಉಪಯೋಗವಿದೆ. ಹಾಗೆಯೇ ಅದು ಯಾವ ಒಂದು ಸಂಸ್ಥೆಯ ಸ್ವತ್ತೂ ಅಲ್ಲ. ಹಾರ್ವರ್ಡಿನ ಹೃದಯತಜ್ಞ ಹರ್ಬರ್ಟ್ ಬೆನ್ಸನ್ ಮೊದಲು ಮಹರ್ಷಿಯ ಶಿಷ್ಯರನ್ನೇ ಕೂರಿಸಿಕೊಂಡು ಅಳತೆ ಮಾಡಿದವರು. ಉಸಿರಾಟ, ಎದೆಬಡಿತ ನಿಧಾನವಾಗುತ್ತದೆ ಅಂತ ಕಂಡರು. 1975ರಲ್ಲಿ ಬರೆದ ಪುಸ್ತಕದಲ್ಲಿ ಅವರು ಹೇಳಿದ್ದು, ಗುಟ್ಟಿನ ಮಂತ್ರವೇ ಬೇಕಿಲ್ಲ, ‘ಒಂದು’ ಅಂತ ಹೇಳಿಕೊಂಡು ಕೂತರೂ ದೇಹ ಹಾಗೇ ಸ್ಪಂದಿಸುತ್ತದೆ ಅಂತ. ದುಡ್ಡು ಕೊಟ್ಟು, ಹೂವು ಹಣ್ಣು ಇಟ್ಟು, ಕಿವಿಯಲ್ಲಿ ಮಂತ್ರ ಹೇಳಿಸಿಕೊಂಡವರಿಗೆ ಇದು ಹೇಗನಿಸಿರಬೇಡ!

ಕೆಟ್ಟದ್ದೂ ಆಗಬಹುದು ಅನ್ನುವ ಮಾತನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. 2020ರಲ್ಲಿ 83 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಧ್ಯಾನ ಮಾಡಿದವರಲ್ಲಿ ಸುಮಾರು ಶೇ. 8 ಮಂದಿಗೆ ಏನಾದರೊಂದು ತೊಂದರೆಯಾಗಿತ್ತು. ಹೆಚ್ಚಾಗಿ ಆತಂಕ, ಖಿನ್ನತೆ. ಅಂದರೆ ಯಾವುದಕ್ಕೆ ಔಷಧಿ ಅಂತ ಕೊಟ್ಟರೋ ಅದೇ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಲವು ವರ್ಷದ ಹಿಂದೆ ಭಾವನ ಒತ್ತಾಯಕ್ಕೆ ವಿಜಯನಗರದ ಒಂದು ಛತ್ರದಲ್ಲಿ ನಡೆದ ಶಿಬಿರಕ್ಕೆ ಹೋಗಿದ್ದೆ. ಹಿಂದಿನ ದಿನದ ಮದುವೆಯ ಮಲ್ಲಿಗೆ, ಸಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ಮೊದಲ ದಿನವೇ ಜೋರು ಉಸಿರಾಟ. ಮುಗಿಸಿ ಮಲಗಿದಾಗ ನನಗೆ ನಿಜವಾಗಿಯೂ ಹಗುರವಾಯಿತು. ಹೊರಗೆ ಬಸ್ಸಿನ ಸದ್ದು ಕೇಳುತ್ತಿತ್ತು, ಆದರೆ ಕಿರಿಕಿರಿಯಾಗಲಿಲ್ಲ. ಇದನ್ನು ಮಾವನ ಮುಂದೆ ಹೇಳಿದಾಗಲೂ ಮುಚ್ಚಿಟ್ಟಿಲ್ಲ, ಇಲ್ಲೂ ಮುಚ್ಚಿಡುವುದಿಲ್ಲ.

ನನ್ನ ಪಕ್ಕದಲ್ಲಿ ಒಬ್ಬ ಹುಡುಗಿ ಇದ್ದಳು. ಎರಡನೇ ದಿನ ಅಳೋಕೆ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಕೈ ನಡುಗುತ್ತಿತ್ತು. ಸ್ವಯಂಸೇವಕರೊಬ್ಬರು ಬಂದು ನಗುನಗುತ್ತಾ, "ಒಳಗಿರೋದೆಲ್ಲ ಹೊರಗೆ ಬರ್ತಿದೆ, ಒಳ್ಳೇದೇ" ಅಂದರು. ಮೊದಲೇನಾದರೂ ತೊಂದರೆ ಇತ್ತಾ, ಮಾತ್ರೆ ತಗೊಳ್ತೀಯಾ ಅಂತ ಒಬ್ಬರೂ ಕೇಳಲಿಲ್ಲ. ಅವಳು ಮಾರನೇ ದಿನ ಬರಲಿಲ್ಲ. "ಅವರಿಗೆ ಇನ್ನೂ ಸಮಯ ಬಂದಿಲ್ಲ" ಅಂದರು. ಅಷ್ಟು ಹೇಳಿ ಮುಂದಿನ ಪಾಠಕ್ಕೆ ಹೋದರು.

ಆ ಸ್ವಯಂಸೇವಕರು ಕೆಟ್ಟವರಲ್ಲ. ಭಾವನಂಥವರೇ. ಬೆಳಗ್ಗೆ ಐದಕ್ಕೆ ಬಂದು ಜಮಖಾನ ಹಾಸಿ, ಎಲ್ಲರಿಗೂ ಕಷಾಯ ಕಾಸಿ, ಕೊನೆಗೆ ತಾವೇ ಲೋಟ ತೊಳೆದು ಹೋಗುವವರು. ಒಂದು ಪೈಸೆ ತಗೊಳ್ಳದೆ. ಅವರ ಉದ್ದೇಶದ ಬಗ್ಗೆ ನನಗೆ ಸಂಶಯವೇ ಇಲ್ಲ. ತೊಂದರೆ ಇರುವುದು ಅವರಿಗೆ ಕಲಿಸಿಕೊಟ್ಟ ಮಾತಿನಲ್ಲಿ. ಒಳ್ಳೆಯದಾದರೆ ಗುರುಗಳ ಕೃಪೆ. ಆಗದಿದ್ದರೆ ನೀನು ಸರಿಯಾಗಿ ಕೂತಿಲ್ಲ. ಕೆಟ್ಟದಾದರೆ ಒಳಗಿನ ಕಸ ಹೊರಗೆ ಬರ್ತಿದೆ. ಈ ಲೆಕ್ಕದಲ್ಲಿ ಸಂಸ್ಥೆ ಯಾವತ್ತೂ ಸೋಲುವುದಿಲ್ಲ. ಎಚ್ಚೆನ್ ಥರದವರ ಪ್ರಶ್ನೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಏನಾದರೆ ನೀವು ತಪ್ಪು ಅಂತ ಒಪ್ಪಿಕೊಳ್ಳುತ್ತೀರಿ? ಉತ್ತರ ಇಲ್ಲ ಅಂದರೆ ಅದು ವಿಜ್ಞಾನ ಅಂತ ಹೇಳಿಕೊಳ್ಳುವ ಹಾಗಿಲ್ಲ.

ಇನ್ನು ದುಡ್ಡಿನ ಮಾತು. ಮಾವನಿಗೆ ಫೀಸು ಅಂದ ಕೂಡಲೇ ಮೈ ಉರಿಯುತ್ತದೆ. ನನಗೆ ಉರಿಯುವುದಿಲ್ಲ. ಮಗಳಿಗೆ ಸಂಗೀತ ಹೇಳಿಕೊಡುವ ಟೀಚರ್‌ಗೆ ತಿಂಗಳು ತಿಂಗಳು ಕೊಡುತ್ತೇವೆ. ಅವರು ಸರಸ್ವತಿಯನ್ನು ಮಾರಿಕೊಂಡರು ಅಂತ ಯಾರಾದರೂ ಅನ್ನುತ್ತಾರಾ? ಹಾಲ್ ಬಾಡಿಗೆ, ಕರೆಂಟ್ ಬಿಲ್ಲು ಯಾರಿಗೂ ಬಿಟ್ಟಿಲ್ಲ. ಫೀಸು ತಗೊಂಡು ರಸೀತಿ ಕೊಟ್ಟರೆ ನನ್ನ ತಕರಾರಿಲ್ಲ. ತಗೊಂಡಿದ್ದನ್ನು ದೇಣಿಗೆ ಅಂತ ಬರೆದಾಗ ಮಾತ್ರ ಕಿವಿ ನೆಟ್ಟಗಾಗಬೇಕು. ಪತಂಜಲಿ ಯೋಗಪೀಠ ಟ್ರಸ್ಟಿನ ಶಿಬಿರಗಳ ವಿಷಯದಲ್ಲಿ ಇದೇ ಆಗಿತ್ತು. ಅದು ದೇಣಿಗೆಯಲ್ಲ, ಪ್ರವೇಶ ಶುಲ್ಕ, ಸೇವಾ ತೆರಿಗೆ ಕಟ್ಟಬೇಕು ಅಂತ ತೆರಿಗೆ ನ್ಯಾಯಮಂಡಳಿ ಹೇಳಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಸರ್ಕಾರ ಮಾತ್ರ ಅಷ್ಟರೊಳಗೆ, 2015ರಲ್ಲೇ, ಆದಾಯ ತೆರಿಗೆ ಕಾಯ್ದೆಯಲ್ಲಿ ಯೋಗವನ್ನೂ ಧರ್ಮಾರ್ಥ ಕೆಲಸಗಳ ಪಟ್ಟಿಗೆ ಸೇರಿಸಿಬಿಟ್ಟಿತ್ತು.

ಬಿಟ್ಟಿಯಾಗಿ ಕಲಿಸುವವರೂ ಇದ್ದಾರೆ. ಸತ್ಯನಾರಾಯಣ ಗೋಯೆಂಕಾ ಅವರ ವಿಪಶ್ಯನ ಶಿಬಿರಗಳಿಗೆ ಶುಲ್ಕವಿಲ್ಲ. ಹತ್ತು ದಿನದ ಊಟ ವಸತಿಗೂ ಇಲ್ಲ. ಶಿಬಿರ ಮುಗಿಸಿದವರಿಂದ ಮಾತ್ರ ದೇಣಿಗೆ ತಗೊಳ್ಳುತ್ತಾರೆ, ಅದೂ ಕೊಟ್ಟರೆ. ಕಲಿಸುವವರಿಗೆ ಸಂಬಳವಿಲ್ಲ. ಈ ನಿಯಮವನ್ನು ಯಾರು ಮಾಡಿದರೋ ಅವರಿಗೆ ಮನುಷ್ಯರ ಬಗ್ಗೆ ಚೆನ್ನಾಗಿ ಗೊತ್ತಿತ್ತು. ದುಡ್ಡು ಕೊಟ್ಟವರಿಗೆ ಲಾಭ ಕಂಡಿತು ಅಂತ ನಂಬಲೇಬೇಕಾದ ಒತ್ತಡ ಇರುತ್ತದೆ. ಕೊಡದೇ ಕೂತವರು ಏನೂ ಆಗಲಿಲ್ಲ ಅಂತ ಹೇಳಿ ಎದ್ದು ಬರಬಹುದು.

ಗೋಯೆಂಕಾ ಅವರ ಕಥೆಯೇ ಒಂದು ಸ್ವಾರಸ್ಯ. ಬರ್ಮಾದ ಮಂಡಾಲೆಯಲ್ಲಿ 1924ರಲ್ಲಿ ಹುಟ್ಟಿದ ವ್ಯಾಪಾರಿ. ತಡೆಯಲಾರದ ಮೈಗ್ರೇನ್. ಯಾವ ಡಾಕ್ಟರಿಂದಲೂ ವಾಸಿಯಾಗದೆ ಊ ಬಾ ಖಿನ್ ಅನ್ನುವ ಗುರುವಿನ ಹತ್ತಿರ ಹೋದರು. ಆ ಗುರು ಬರ್ಮಾ ಸರ್ಕಾರದಲ್ಲಿ ಅಕೌಂಟೆಂಟ್ ಜನರಲ್. ತಲೆನೋವಿಗೆ ಅಂತಾದರೆ ಬರಬೇಡ ಅಂತ ಅವರು ಮೊದಲು ವಾಪಸ್ ಕಳಿಸಿದ್ದರು. ಈಗಿನ ಯಾವ ಸಂಸ್ಥೆ ಹೀಗೆ ಗಿರಾಕಿಯನ್ನು ವಾಪಸ್ ಕಳಿಸೀತು? ತಲೆನೋವು, ಬೆನ್ನುನೋವು, ಬಾಸಿನ ಕಾಟ ಎಲ್ಲಕ್ಕೂ ಸ್ವಾಗತವೇ.

ಬಿಟ್ಟಿ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಹತ್ತು ದಿನ ಫೋನಿಲ್ಲ, ಪುಸ್ತಕವಿಲ್ಲ, ಕೊನೆಯ ದಿನದವರೆಗೆ ಮಾತೂ ಇಲ್ಲ. ರಾತ್ರಿ ಒಬ್ಬರದೇ ಪ್ರವಚನ. ಇದರ ಜೊತೆ ಬೇರೆ ಪದ್ಧತಿ ಬೆರೆಸಬೇಡಿ ಅನ್ನುವ ಎಚ್ಚರಿಕೆ. ಆ ಒಂಟಿತನ ಕೆಲವರಿಗೆ ಕಷ್ಟವೇ ಆಗುತ್ತದೆ. ಆದರೂ 1994ರಲ್ಲಿ ತಿಹಾರ್ ಜೈಲಿನಲ್ಲಿ ಸಾವಿರ ಕೈದಿಗಳಿಗೆ ಒಟ್ಟಿಗೆ ಶಿಬಿರ ಮಾಡಿದರಲ್ಲ, ಅದರಲ್ಲಿ ಸಂಸ್ಥೆಗೆ ಸಿಗುವಂಥದ್ದು ಏನಿತ್ತು ಅಂತ ಕೇಳಿದರೆ ಮಾವನ ಹತ್ತಿರವೂ ಉತ್ತರವಿಲ್ಲ. "ಇರಲಿ, ಅದೊಂದು ಬಿಡು" ಅನ್ನುತ್ತಾರೆ. ಮಾವ ಯಾರ ಬಗ್ಗೆಯಾದರೂ ‘ಬಿಡು’ ಅಂದರೆ ಅದು ಪದ್ಮಭೂಷಣಕ್ಕೆ ಸಮ.

ಇನ್ನೊಬ್ಬರ ಬಗ್ಗೆಯೂ ಅವರು ಹಾಗೆ ಅಂದಿದ್ದಾರೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ. ಅಂಗಿಗೆ ಜೇಬೇ ಇಡಿಸದವರು. 2018ರಲ್ಲಿ ಪದ್ಮಶ್ರೀ ಕೊಟ್ಟಾಗ ಬೇಡ ಅಂತ ವಿನಯದಿಂದ ಪತ್ರ ಬರೆದವರು. ಊರಿಂದೂರಿಗೆ ಹೋಗಿ ಬೆಳಗಿನ ಜಾವ ಪ್ರವಚನ ಹೇಳುತ್ತಿದ್ದರು. ಹೆಸರು ನೋಂದಾಯಿಸಿಕೊಳ್ಳುವ ಕೌಂಟರ್ ಇರಲಿಲ್ಲ, ಎರಡನೇ ಹಂತ, ಮೂರನೇ ಹಂತ ಅಂತ ಇರಲಿಲ್ಲ. 2023ರ ಜನವರಿ 2ರಂದು ತೀರಿಕೊಂಡಾಗ ಲಕ್ಷಾಂತರ ಜನ ತಾವಾಗಿಯೇ ಬಂದು ನಿಂತರು. ಮಾವ ಟಿವಿ ಮುಂದೆ ಕೂತವರು ಎದ್ದಿರಲಿಲ್ಲ. ದೇವರಿಲ್ಲ ಅನ್ನುವ ಮನುಷ್ಯ.

ಭಾವ ಅವತ್ತು ಹೇಳಿದ್ದು ಕೂಡ ಸರಿಯಾಗಿತ್ತು. "ಮಾವ, ಅವರು ಮಹಾತ್ಮರು. ಆದ್ರೆ ಅಂಥೋರು ಎಷ್ಟು ಜನ ಸಿಗ್ತಾರೆ? ಬೆಂಗಳೂರಲ್ಲಿ ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿ ಬರೋ ಹುಡುಗ್ರಿಗೆ ಯಾರು ಹೇಳ್ಕೊಡ್ತಾರೆ? ಸಂಸ್ಥೆ ಅಂತ ಇದ್ರೆ ತಾನೇ ಮನೆ ಹತ್ರ ಕ್ಲಾಸ್ ನಡೆಯೋದು?" ಹೌದು. ಸಂಸ್ಥೆ ಇಲ್ಲದೆ ಹರಡುವುದಿಲ್ಲ. ಜಮಖಾನದಿಂದ ಹಿಡಿದು ಮಂತ್ರದವರೆಗೆ ಎಲ್ಲದಕ್ಕೂ ಯಾರೋ ಒಬ್ಬರು ಲೆಕ್ಕ ಇಟ್ಟುಕೊಳ್ಳಬೇಕು. ಆದರೆ ಹರಡುವುದೇ ಕೆಲಸ ಆದಮೇಲೆ ಕಣ್ಣು ಮುಚ್ಚಿ ಕೂರುವುದು ಹಿಂದೆ ಬೀಳುತ್ತದೆ.

ನಮ್ಮೂರಿನ ಆರ್ಟ್ ಆಫ್ ಲಿವಿಂಗನ್ನೇ ನೋಡಿ. ಶ್ರೀ ಶ್ರೀ ರವಿಶಂಕರ್ ಮೊದಲು ಮಹರ್ಷಿ ಮಹೇಶ್ ಯೋಗಿಯವರ ಜೊತೆಗಿದ್ದವರು. ಸಂಸ್ಥೆ ಶುರುವಾಗಿದ್ದು 1981ರಲ್ಲಿ. ಮಾರನೇ ವರ್ಷ ಶಿವಮೊಗ್ಗದಲ್ಲಿ, ಭದ್ರೆಯ ದಡದಲ್ಲಿ, ಹತ್ತು ದಿನದ ಮೌನದ ನಂತರ ಸುದರ್ಶನ ಕ್ರಿಯೆ ಹೊಳೆಯಿತು ಅಂತ ಸಂಸ್ಥೆಯವರು ಹೇಳುತ್ತಾರೆ. ಮೌನದಲ್ಲಿ ಹುಟ್ಟಿದ್ದು 2006ಕ್ಕೆ ಜಕ್ಕೂರಿನ ವಿಮಾನ ಮೈದಾನದಲ್ಲಿ ಲಕ್ಷಾಂತರ ಜನರ ಬೆಳ್ಳಿ ಹಬ್ಬವಾಯಿತು. 2016ಕ್ಕೆ ದೆಹಲಿಯಲ್ಲಿ ಯಮುನೆಯ ಬಯಲಲ್ಲಿ ವಿಶ್ವ ಸಂಸ್ಕೃತಿ ಉತ್ಸವವಾಯಿತು. ಹಸಿರು ನ್ಯಾಯಮಂಡಳಿ ಐದು ಕೋಟಿ ರೂಪಾಯಿ ಪರಿಹಾರ ಕಟ್ಟಿಸಿತು. ಮಾರನೇ ವರ್ಷ, ನದಿ ಬಯಲಿಗೆ ಆದ ಹಾನಿಗೆ ಸಂಸ್ಥೆಯೇ ಹೊಣೆ ಅಂತ ತೀರ್ಪು ಕೊಟ್ಟಿತು. ಹಾನಿಯೇ ಆಗಿಲ್ಲ ಅನ್ನುವುದು ಸಂಸ್ಥೆಯ ವಾದ. ಇದೇ ಸಂಸ್ಥೆಯವರು ನೆಲಮಂಗಲದ ಕಡೆ ಕುಮುದ್ವತಿ ನದಿಗೆ ಜೀವ ಕೊಡೋಕೆ ಇಂಗುಗುಂಡಿ ತೋಡಿದ್ದೂ ನಿಜ. ಒಂದು ನದಿಯ ಹತ್ತಿರ ಗುದ್ದಲಿ ಹಿಡಿದವರು, ಇನ್ನೊಂದು ನದಿಯ ಬಯಲಲ್ಲಿ ವೇದಿಕೆ ಕಟ್ಟಿದವರು. ಇವರ ಉದ್ದೇಶ ಒಳ್ಳೆಯದೋ ಕೆಟ್ಟದ್ದೋ ಅಂತ ಒಂದೇ ಮಾತಲ್ಲಿ ಹೇಳಿ ಅಂದರೆ ಹೇಗೆ ಹೇಳುವುದು?

ಅದಕ್ಕೇ ನಾನು ಗುರುಗಳ ಮನಸ್ಸಿನೊಳಗೆ ಏನಿದೆ ಅಂತ ಹುಡುಕುವುದನ್ನು ಬಿಟ್ಟೆ. ಅದು ಅವರಿಗಾದರೂ ಪೂರ್ತಿ ಗೊತ್ತೋ ಇಲ್ಲವೋ. ಅದರ ಬದಲು ಒಂದು ಕಡೆ ಮಾತ್ರ ನೋಡುತ್ತೇನೆ. ಕಲಿತು, ಥ್ಯಾಂಕ್ಸ್ ಹೇಳಿ, ಮನೆಗೆ ಹೊರಟವರನ್ನು ಏನು ಮಾಡುತ್ತಾರೆ?

ನನ್ನ ಛತ್ರದ ಶಿಬಿರದಲ್ಲಿ ಕೊನೆಯ ದಿನ ಎಲ್ಲರೂ ಎದ್ದು ನಿಂತು ಅನುಭವ ಹೇಳಬೇಕಿತ್ತು. ಒಬ್ಬರ ಮಂಡಿನೋವು ಹೋಗಿತ್ತು, ಇನ್ನೊಬ್ಬರ ಅತ್ತೆ ಒಳ್ಳೆಯವರಾಗಿದ್ದರು. ನಾನು "ನಿದ್ದೆ ಚೆನ್ನಾಗಿ ಬಂತು" ಅಂದೆ. ಚಪ್ಪಾಳೆ ಕಮ್ಮಿ ಬಂತು. ಆಮೇಲೆ ವಾಟ್ಸಾಪ್ ಗುಂಪು. ಮುಂದಿನ ಹಂತದ ಶಿಬಿರ. ಅದಕ್ಕೆ ಫೋನು. "ಮೇಡಂ, ಮೊದಲನೇದು ಬರೀ ಶುರು ಅಷ್ಟೇ, ನಿಜವಾದ್ದು ಇನ್ನು ಮುಂದೆ." ಇಬ್ಬರು ಸ್ನೇಹಿತರನ್ನು ಕರೆತನ್ನಿ. ಗುರುಗಳು ಬರ್ತಿದ್ದಾರೆ, ಜನ ಸೇರಬೇಕು. ನಾನು ಮನೆಯಲ್ಲೇ ಮಾಡಿಕೊಳ್ತೀನಿ ಅಂದೆ. "ಒಬ್ರೇ ಮಾಡಿದ್ರೆ ಅಷ್ಟು ಪರಿಣಾಮ ಇರಲ್ಲ ಮೇಡಂ" ಅಂತ ಬಂತು ಉತ್ತರ. ನನ್ನ ಉಸಿರು, ನನ್ನ ಮೂಗು. ಅದಕ್ಕೂ ಅವರು ಬೇಕಂತೆ.

ಇಲ್ಲಿ ನನಗೆ ನೆನಪಾಗೋದು ನಮ್ಮಜ್ಜಿ. ತುಮಕೂರಿನ ಮನೆಯಲ್ಲಿ ದಿನಾ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡಗೈ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂರುತ್ತಿದ್ದಳು. ಹನ್ನೆರಡನೇ ಶತಮಾನದಿಂದ ಬಂದ ಪದ್ಧತಿ. ಅದಕ್ಕೆ ಅಜ್ಜಿ ಧ್ಯಾನ ಅನ್ನುತ್ತಿರಲಿಲ್ಲ, ಪೂಜೆ ಅನ್ನುತ್ತಿದ್ದಳು. ಅದು ಮುಗಿಯುವ ತನಕ ಕಾಫಿ ಇಲ್ಲ. ಬಿಪಿ ಇಳಿಯಿತಾ ಅಂತ ಯಾರೂ ಅಳೆಯಲಿಲ್ಲ. ಇಳಿದಿರಲಿಲ್ಲ ಅಂತ ಕಾಣುತ್ತದೆ, ಯಾಕೆಂದರೆ ಪೂಜೆ ಮುಗಿದ ಕೂಡಲೇ ಸೊಸೆಯಂದಿರ ಮೇಲೆ ಕೂಗಾಡುತ್ತಿದ್ದಳು. ಅವಳಿಗೆ ಅದು ಲಾಭಕ್ಕೆ ಮಾಡುವ ಕೆಲಸವಾಗಿರಲಿಲ್ಲ, ಹಾಗಾಗಿ ಲಾಭವಾಯಿತಾ ಅನ್ನುವ ಪ್ರಶ್ನೆಯೂ ಹುಟ್ಟಲಿಲ್ಲ. ಈಗಿನ ಸಂಸ್ಥೆಗಳು ಲಾಭದ ಮಾತಿಂದಲೇ ಕರೆಯುತ್ತವೆ. ನಿದ್ದೆ, ಏಕಾಗ್ರತೆ, ಬಡ್ತಿ. ಲಾಭ ಅಂತ ಕರೆದ ಮೇಲೆ ಲೆಕ್ಕ ಕೇಳಿದರೆ ಶ್ರದ್ಧೆ ಇಲ್ಲ ಅನ್ನಬಾರದು.

ಆಫೀಸುಗಳ ಧ್ಯಾನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಔಟರ್ ರಿಂಗ್ ರೋಡಿನ ನನ್ನ ಹಿಂದಿನ ಕಂಪನಿಯಲ್ಲಿ ಬುಧವಾರ ಮಧ್ಯಾಹ್ನ ಮೈಂಡ್‌ಫುಲ್‌ನೆಸ್ ಸೆಷನ್ ಇತ್ತು. ಅದೇ ಬುಧವಾರ ರಾತ್ರಿ ಹನ್ನೊಂದಕ್ಕೆ ಅಮೆರಿಕದವರ ಜೊತೆ ಕಾಲ್. ಕಾಲ್ ತೆಗೆಯಿರಿ, ಸೆಷನ್ ಬೇಡ ಅಂದವಳನ್ನು ಎಚ್‌ಆರ್‌ನವರು ವಿಚಿತ್ರವಾಗಿ ನೋಡಿದರು. ಗುರುಗಳ ಉದ್ದೇಶದ ಬಗ್ಗೆ ಅಷ್ಟು ಚರ್ಚೆ ಮಾಡುವ ನಾವು ಇವರ ಉದ್ದೇಶದ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಈ ವಿಷಯದಲ್ಲಿ ಮಾತ್ರ ಭಾವ ಮತ್ತು ಮಾವ ಒಂದೇ ಪಾಳಯ.

ಹೋದ ತಿಂಗಳು ಈಗಿನ ಆಫೀಸಿನ ಒಬ್ಬ ಹುಡುಗಿ ಕೇಳಿದಳು. "ಅಕ್ಕಾ, ರಾತ್ರಿ ಎದೆ ಡವಡವ ಅನ್ನುತ್ತೆ, ನಿದ್ದೆ ಇಲ್ಲ. ಯಾವ್ದಾದ್ರೂ ಕೋರ್ಸಿಗೆ ಸೇರ್ಲಾ?" ಮೊದಲು ಡಾಕ್ಟರ್ ಹತ್ತಿರ ಹೋಗು ಅಂದೆ. ಹೋಗೋಕೆ ಮುಜುಗರ ಅಂದರೆ 14416ಕ್ಕೆ ಫೋನ್ ಮಾಡು, ಅದು ಸರ್ಕಾರದ ಟೆಲಿಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ ಅಂತ ನಂಬರ್ ಬರೆದುಕೊಟ್ಟೆ. ಅವರು ಸರಿ ಅಂದ ಮೇಲೆ ಎಲ್ಲಿ ಬೇಕಾದರೂ ಸೇರು. ಸೇರುವ ಮೊದಲು ಮೂರು ಪ್ರಶ್ನೆ ಕೇಳು: ಮಾತ್ರೆ ತಗೊಳ್ತೀರಾ ಅಂತ ನೀವು ನನ್ನನ್ನು ಕೇಳ್ತೀರಾ? ಮಧ್ಯದಲ್ಲಿ ಎದ್ದು ಹೋದರೆ ಏನಂತೀರಾ? ಇದಾದ ಮೇಲೆ ಇನ್ನೊಂದು ಕೋರ್ಸ್ ಮಾಡದೇ ಇದ್ದರೆ ಕಲಿತಿದ್ದು ಕೆಲಸಕ್ಕೆ ಬರುತ್ತಾ?

ಇದನ್ನು ಕೇಳಿ ಭಾವ ಬೇಜಾರು ಮಾಡಿಕೊಂಡರು. "ಇಷ್ಟೆಲ್ಲ ಪ್ರಶ್ನೆ ಕೇಳ್ಕೊಂಡು ಬಂದ್ರೆ ಅವಳು ಕಣ್ಣು ಮುಚ್ಚೋದು ಯಾವಾಗ?" ಅಂದರು. ಮಾವನಿಗೆ ಬೇರೆಯೇ ಬೇಜಾರು. ಎಲ್ಲಿ ಬೇಕಾದರೂ ಸೇರು ಅಂತ ಹೇಳಿದ್ದೇ ತಪ್ಪಂತೆ. ಮರುದಿನ ಭಾವ ಫೋನ್ ಮಾಡಿ, ನಿನ್ನ ಮೊದಲನೇ ಪ್ರಶ್ನೆ ಮಾತ್ರ ನಮ್ಮ ಅರ್ಜಿ ಫಾರಂನಲ್ಲಿ ಹಾಕಿಸೋಕೆ ಹೇಳ್ತೀನಿ ಅಂದರು. ಉಳಿದ ಎರಡಕ್ಕೆ ಸದ್ಯಕ್ಕೆ ಉತ್ತರ ಬಂದಿಲ್ಲ. ಗೌರಿ ಹಬ್ಬಕ್ಕೆ ಎಲ್ಲರೂ ಅಕ್ಕನ ಮನೆಯಲ್ಲಿ ಸೇರುತ್ತೇವೆ, ಆಗ ಕೇಳಬೇಕು.